ಒಳ್ಳೆ ಆಯುಧ ಇದ್ದರೆ ಸಾಲದಾ? ಅಣಕು ಯುದ್ಧ ಯಾಕೆ?

ಓದುಗರ ಪ್ರಶ್ನೆ: ಹೊಸ ಆಯುಧ ದುಡ್ಡು ಕೊಟ್ಟರೆ ಸಿಗುತ್ತೆ. ಹಾಗಿದ್ದೂ ಸೇನೆಗಳು ಪ್ರಯೋಗ, ಅಣಕು ಯುದ್ಧ ಅಂತ ಇಷ್ಟೊಂದು ಖರ್ಚು ಮಾಡೋದು ದಂಡ ಅಲ್ವಾ?

ಆಯುಧ ಕೈಗೆ ಬಂದ ಮಾತ್ರಕ್ಕೆ ಅದನ್ನು ಬಳಸುವುದು ಹೇಗೆ ಅಂತ ಗೊತ್ತಾಗುವುದಿಲ್ಲ, ಅದಕ್ಕೇ. 1940ರಲ್ಲಿ ಜರ್ಮನಿಗೆ ಸೋತ ಫ್ರಾನ್ಸ್ ನೋಡಿ. ಅವರ ಶಾರ್ ಬಿ1 ಟ್ಯಾಂಕಿನ ಕವಚ ಎಷ್ಟು ದಪ್ಪ ಅಂದರೆ, ಜರ್ಮನಿಯ ಬಹುತೇಕ ಟ್ಯಾಂಕುಗಳ ಗುಂಡು ಅದಕ್ಕೆ ನಾಟುತ್ತಿರಲಿಲ್ಲ. ಆದರೆ ಮೇಲಿನ ತಿರುಗುವ ಗೋಪುರದಲ್ಲಿ ಒಬ್ಬನಿಗಷ್ಟೇ ಜಾಗ. ಸುತ್ತ ನೋಡುವವನೂ ಅವನೇ, ಗುಂಡು ತುಂಬುವವನೂ ಅವನೇ, ಗುರಿ ಇಡುವವನೂ ಅವನೇ, ಮಧ್ಯೆ ಉಳಿದವರಿಗೆ ಹುಕುಂ ಕೊಡುವವನೂ ಅವನೇ. ಜರ್ಮನಿಯ ಪಾಂಜರ್ 3 ಮತ್ತು 4ರಲ್ಲಿ ಇಷ್ಟಕ್ಕೆ ಮೂವರಿದ್ದರು, ಜೊತೆಗೆ ರೇಡಿಯೋ ಇತ್ತು. ತಮಾಷೆ ಏನಂದರೆ, 1920ರ ದಶಕದಲ್ಲಿ ಜರ್ಮನ್ನರು ಟ್ಯಾಂಕ್ ಇಟ್ಟುಕೊಳ್ಳುವಂತೆಯೇ ಇರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಅವರ ಮೇಲೆ ಹೇರಿದ ವರ್ಸೇಲ್ಸ್ ಒಪ್ಪಂದದ ನಿಷೇಧ. ಕಾರಿಗೆ ಟ್ಯಾಂಕಿನ ಆಕಾರದ ಹೊದಿಕೆ ಕಟ್ಟಿ ಅಭ್ಯಾಸ ಮಾಡುತ್ತಿದ್ದರು.

ನನಗೆ ಇನ್ನೂ ಇಷ್ಟವಾಗುವುದು ಲ್ಯಾಂಗ್ಲಿ ಹಡಗಿನ ಕತೆ. ಅಮೆರಿಕದ ನೌಕಾಪಡೆ ಕಲ್ಲಿದ್ದಲು ಸಾಗಿಸುವ ಹಳೇ ಹಡಗಿಗೆ ಮೇಲೊಂದು ಅಟ್ಟ ಹೊಡೆದು 1922ರಲ್ಲಿ ಅದನ್ನು ತನ್ನ ಮೊದಲ ವಿಮಾನವಾಹಕ ನೌಕೆ ಮಾಡಿತು. 1925ರಲ್ಲಿ ಅದರ ವಿಮಾನಪಡೆಯ ಹೊಣೆ ಹೊತ್ತ ಜೋಸೆಫ್ ರೀವ್ಸ್ ಸ್ವತಃ ಪೈಲಟ್ ಅಲ್ಲ. ಆದರೆ ಪೈಲಟ್‌ಗಳ ಮುಂದೆ ಪ್ರಶ್ನೆಗಳ ರಾಶಿಯನ್ನೇ ಸುರಿದರು. ಆಗ ಒಂದು ವಿಮಾನ ಇಳಿದರೆ ಅದನ್ನು ಲಿಫ್ಟಿನಲ್ಲಿ ಕೆಳಗೆ ಸಾಗಿಸುವ ತನಕ ಮುಂದಿನದು ಆಕಾಶದಲ್ಲೇ ಸುತ್ತಬೇಕು. ಕೆಳಗೆ ಯಾಕೆ ಇಳಿಸಬೇಕು, ಮುಂದಕ್ಕೆ ತಳ್ಳಿ ನಿಲ್ಲಿಸಿದರೆ ಆಗಲ್ವಾ? ಹಿಂದಿನಿಂದ ಬರುವುದು ಅವಕ್ಕೆ ಗುದ್ದದಂತೆ ನಡುವೆ ತಂತಿಯ ತಡೆ ಕಟ್ಟಿದರು. ಅದನ್ನೇ ದಿನಾ ಮಾಡಿ ಮಾಡಿ, 14 ವಿಮಾನಕ್ಕೇ ಒದ್ದಾಡುತ್ತಿದ್ದ ಹಡಗು 42ರ ತನಕ ಹೊತ್ತಿತು. ಹಡಗು ಅದೇ, ವಿಮಾನಗಳೂ ಹೆಚ್ಚುಕಮ್ಮಿ ಅವೇ.

1929ರ ಜನವರಿಯ ಸಮರಾಭ್ಯಾಸದಲ್ಲಿ ಅದೇ ನೌಕಾಪಡೆಯ ಇನ್ನೊಂದು ವಿಮಾನವಾಹಕ ಸರಟೋಗ, ಒಂದೇ ಒಂದು ಕ್ರೂಸರ್ (ವೇಗದ ಯುದ್ಧನೌಕೆ) ಜೊತೆ ಸುತ್ತು ಹಾಕಿ ಬಂದು, ಬೆಳಗಾಗುವ ಮೊದಲೇ ವಿಮಾನ ಹಾರಿಸಿ ಪನಾಮಾ ಕಾಲುವೆಯ ಗೇಟುಗಳನ್ನು ಲೆಕ್ಕದಲ್ಲಿ ‘ಉಡಾಯಿಸಿತು’. ಅದೇ ಅಭ್ಯಾಸದಲ್ಲಿ ಅಂಪೈರ್‌ಗಳು ಸರಟೋಗವೂ ‘ಮುಳುಗಿತು’ ಅಂದರು. ಗೆದ್ದದ್ದನ್ನೂ ಬರೆದುಕೊಂಡರು, ಮುಳುಗಿದ್ದನ್ನೂ ಬರೆದುಕೊಂಡರು.

ಪ್ರಯೋಗ ಅಂದರೆ ಇಷ್ಟೇ: ಉತ್ತರ ಮೊದಲೇ ಗೊತ್ತಿರಬಾರದು. ಗೊತ್ತಿದ್ದರೆ ಅದು ಬರೀ ಪ್ರದರ್ಶನ. ಅದೇ ಅಮೆರಿಕದಲ್ಲೇ 2002ರಲ್ಲಿ ಮಿಲೇನಿಯಂ ಚಾಲೆಂಜ್ ಅಂತ ದೊಡ್ಡ ಅಭ್ಯಾಸ ನಡೆಯಿತು. ಎದುರಾಳಿಯ ಪಾತ್ರ ನಿವೃತ್ತ ಜನರಲ್ ಪಾಲ್ ವ್ಯಾನ್ ರೈಪರ್ ಅವರದು. ರೇಡಿಯೋ ಬಳಸಿದರೆ ಕದ್ದು ಕೇಳುತ್ತಾರೆ ಅಂತ ಅವರು ಸಂದೇಶವನ್ನು ಬೈಕಿನಲ್ಲಿ ಕಳಿಸಿದರು, ಕ್ಷಿಪಣಿಗಳ ಸುರಿಮಳೆ ಮತ್ತು ಸಣ್ಣ ದೋಣಿಗಳಿಂದ ಲೆಕ್ಕದಲ್ಲಿ 16 ಹಡಗು ಮುಳುಗಿಸಿದರು. ಸಂಘಟಕರು ಏನು ಮಾಡಿದರು ಗೊತ್ತಾ? ಅಭ್ಯಾಸ ಮುಂದುವರಿಯಬೇಕಲ್ಲ ಅಂತ ಮುಳುಗಿದ ಹಡಗುಗಳನ್ನು ಮತ್ತೆ ತೇಲಿಸಿ, ಎದುರಾಳಿಯ ಕೈ ಕಟ್ಟಿದರು. ವ್ಯಾನ್ ರೈಪರ್ ಅರ್ಧದಲ್ಲೇ ಆ ಪಾತ್ರ ಬಿಟ್ಟರು. ಖರ್ಚು ಸುಮಾರು 25 ಕೋಟಿ ಡಾಲರ್. ದಂಡ ಅನ್ನುವುದಿದ್ದರೆ ಇದಕ್ಕೆ ಅನ್ನಿ, ನಾನೂ ಒಪ್ಪುತ್ತೇನೆ.