ಕಲ್ಲಿನ ಮನೆ ಕೊಳ್ಳೋ ಮೊದಲು ನೀರಿನ ದಾರಿ ನೋಡಿ

ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ ಅನ್ನುವ ಬಟ್ಟೆ ಗಿರಣಿ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. 1884ರಲ್ಲಿ ಶುರುವಾದ ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಮಿಲ್ಲುಗಳು ಹೋದರೂ ಅವುಗಳ ಸುತ್ತ ಬೆಳೆದ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲಿನ ಮನೆ ಉಳಿದುಕೊಂಡಿದೆ. ಹಳೇ ಕಟ್ಟಡಗಳ ರಿಪೇರಿ ಮಾಡಿಸುವ ಎಂಜಿನಿಯರ್ ನಾನು. ಇಂಥ ಮನೆಯನ್ನು ಒಡೆಯದೆ ಉಳಿಸಿಕೊಂಡು ಬಾಳುತ್ತೇವೆ ಅಂತ ಯಾರಾದರೂ ಬಂದರೆ ನನಗೆ ನಿಜವಾಗಲೂ ಖುಷಿ. ಯಾಕೆಂದರೆ ಮಾರುವವರು, ಬ್ರೋಕರ್, ಬ್ಯಾಂಕಿನವರು ಎಲ್ಲರೂ ಲೆಕ್ಕ ಹಾಕುವುದು ಸೈಟಿನ ಬೆಲೆಯನ್ನೇ. ಮನೆಗೆ ಬೆಲೆ ಕಟ್ಟುವವರು ಕಡಿಮೆ.

ಮನೆ ತೋರಿಸುವವರು ಗೋಡೆ ತಟ್ಟಿ ಹೇಳುವ ಮಾತು ಒಂದೇ: "ಸಾರ್, ಕಲ್ಲು. ಇನ್ನೂ ನೂರು ವರ್ಷ ಅಲ್ಲಾಡಲ್ಲ." ಕಲ್ಲಿನ ಮಟ್ಟಿಗೆ ಆ ಮಾತು ಸರಿ. ಬೆಂಗಳೂರಿನ ಕಲ್ಲಿಗೆ ಏನೂ ಆಗುವುದಿಲ್ಲ. ಲಾಲ್‌ಬಾಗ್ ಬಂಡೆಯ ವಯಸ್ಸೇ ಸುಮಾರು 300 ಕೋಟಿ ವರ್ಷ. ಆದರೆ ಮನೆ ನಿಂತಿರುವುದು ಬರೀ ಕಲ್ಲಿನ ಮೇಲಲ್ಲ. ಕಲ್ಲನ್ನು ಹಿಡಿದಿರುವ ಗಾರೆ, ಚಾವಣಿ ಹೊತ್ತಿರುವ ಮರದ ಜಂತೆ, ಇವೆರಡೂ ನೀರಿಗೆ ಹೆದರುವಂಥವು. ಅದಕ್ಕೇ ನಾನು ಮೊದಲು ನೋಡುವುದು ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ.

ಬಾಗಿಲಲ್ಲೇ ಶುರು ಮಾಡಿ. ಕಟ್ಟುವಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಜಗಲಿ ಇದ್ದಿರುತ್ತದೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ವೈಟ್ ಟಾಪಿಂಗ್ ಅನ್ನುವ ಕಾಂಕ್ರೀಟ್ ಪದರ ಬಿದ್ದು ಈಗ ಒಂದೇ ಮೆಟ್ಟಿಲು ಉಳಿದಿರುತ್ತದೆ. ಕೆಲವು ಕಡೆ ಹೊಸಿಲೇ ರಸ್ತೆಗಿಂತ ಕೆಳಗೆ. ಬೀದಿ ನೀರು ಒಳಗೆ ನುಗ್ಗದಿದ್ದರೂ ಪಾಯದ ಪಕ್ಕ ನಿಂತು ನಿಧಾನವಾಗಿ ಗೋಡೆಗೆ ಏರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಜೋರು ಮಳೆ ಬಂದ ಮರುದಿನ ಹೋಗಿ ನೋಡಿ. ಫೆಬ್ರವರಿಯಲ್ಲಿ ನೋಡಿದ ಮನೆ ಏನನ್ನೂ ಹೇಳುವುದಿಲ್ಲ.

ಗೋಡೆಗೆ ಈಚೆಗೆ ಸಿಮೆಂಟ್ ಬಳಿದಿದ್ದಾರಾ ಅಂತ ಕೇಳಿ. ಈ ಮನೆಗಳಿಗೆ ಹೆಚ್ಚು ಹಾನಿ ಮಾಡಿರುವುದು ಹಳೆಯದಾಗುವಿಕೆ ಅಲ್ಲ, ರಿಪೇರಿ. ಸುಣ್ಣದ ಗಾರೆ ಒಳಗಿನ ತೇವವನ್ನು ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರು, ಪುಟ್ಟಿ, ಪ್ಲಾಸ್ಟಿಕ್ ಪೇಂಟು ಹೊಡೆದರೆ ರೈನ್‌ಕೋಟ್ ತೊಟ್ಟು ಬಿಸಿಲಲ್ಲಿ ನಿಂತ ಹಾಗೆ, ತೇವ ಒಳಗೇ ಉಳಿಯುತ್ತದೆ. ಆಮೇಲೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಮಿಲ್ ಹಿಂದಿನ ಓಣಿಯೊಂದರಲ್ಲಿ ನಾನು ನೋಡಿದ ಮನೆಯ ಹಾಲ್‌ನಲ್ಲಿ ಸೊಂಟದವರೆಗೆ ಹೊಸ ಟೈಲ್ಸ್ ಅಂಟಿಸಿದ್ದರು. ನೋಡೋಕೆ ಚೊಕ್ಕಟ. ಟೈಲ್ಸ್ ಮೇಲ್ಗಡೆ ಕೈಯಿಟ್ಟರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. ಕಿಟಕಿ ಚೌಕಟ್ಟಿನ ಕೆಳಗಿನ ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಹೋದಂತೆ ಹೋಯಿತು. ಕೊಳ್ಳಲು ಬಂದಿದ್ದ ಹುಡುಗಿ "ಅಂಕಲ್, ಹಾಗಾದರೆ ಬೇಡ್ವಾ?" ಅಂದಳು. ಬೇಡ ಅನ್ನಲಿಲ್ಲ. ಟೈಲ್ಸ್ ಕಿತ್ತು, ಸಿಮೆಂಟ್ ಕೆರೆದು, ಗೋಡೆ ಒಣಗಲು ಒಂದು ಬೇಸಿಗೆ ಬಿಟ್ಟು, ಮತ್ತೆ ಸುಣ್ಣದ ಗಾರೆ ಮಾಡಿಸಬೇಕು. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಮ್ಮ ಅಂದೆ.

ಗೋಡೆ ದಪ್ಪ ಇದ್ದ ಮಾತ್ರಕ್ಕೆ ಧೈರ್ಯ ಪಡಬೇಡಿ. ಒಂದೂವರೆ ಅಡಿ ಗೋಡೆ ಅಂದರೆ ಎಷ್ಟೋ ಸಲ ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡನ್ನೂ ಸೇರಿಸುವ ಅಡ್ಡ ಕಲ್ಲುಗಳು ಕಡಿಮೆ ಇದ್ದು, ನಡುವಿನ ಮಣ್ಣು ನೀರಿಗೆ ಕರಗಿದರೆ ಗೋಡೆ ಹೊಟ್ಟೆ ಬಿಡುತ್ತದೆ, ಅಂದರೆ ಉಬ್ಬಿಕೊಳ್ಳುತ್ತದೆ. ಮೇಸ್ತ್ರಿಯಿಂದ ತೂಗುಗುಂಡು ಬಿಡಿಸಿ ನೋಡಿ. ಹಳೇ ಸಣ್ಣ ಬಿರುಕಿಗೆ ಹೆದರಬೇಕಿಲ್ಲ. ಹೊಟ್ಟೆ ಬಿಟ್ಟ ಗೋಡೆಗೆ ಹೆದರಬೇಕು.

ಚಾವಣಿ ಮದ್ರಾಸ್ ತಾರಸಿ ಆಗಿದ್ದರೆ ಜಾಸ್ತಿ ಹೊತ್ತು ಅಲ್ಲೇ ಕಳೆಯಿರಿ. ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಗಾರೆ. ತುಂಬಾ ಒಳ್ಳೇ ಚಾವಣಿ, ಬೇಸಿಗೆಯಲ್ಲಿ ತಂಪು. ಜಂತೆಯ ನಡುಭಾಗ ಚೆನ್ನಾಗಿ ಕಾಣುತ್ತದೆ, ಕೊಳೆಯುವುದು ಗೋಡೆಯೊಳಗೆ ಹೋಗಿರುವ ತುದಿ. ಏಣಿ ಹಾಕಿ ಒಂದೊಂದು ತುದಿಯನ್ನೂ ತಟ್ಟಿ ನೋಡಿ, ಗೆದ್ದಲಿನ ಮಣ್ಣಿನ ಗೆರೆ ಇದೆಯಾ ನೋಡಿ. ಆಮೇಲೆ ಮಹಡಿಗೆ ಹತ್ತಿ. ಸೋರಿದಾಗಲೆಲ್ಲ ಸಿಮೆಂಟ್ ಹಾಕಿಸುತ್ತಾ ಬಂದಿರುತ್ತಾರೆ. ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಎರಡು ಇಂಚು ಕಾಂಕ್ರೀಟ್ ಅಂದರೆ ಒಂದು ಟನ್ನಿಗೂ ಜಾಸ್ತಿ ಭಾರ. ಸಾವಿರ ಲೀಟರ್ ಟ್ಯಾಂಕ್ ಇನ್ನೊಂದು ಟನ್. ಆ ಜಂತೆಗಳನ್ನು ಇಟ್ಟವರು ಈ ಲೆಕ್ಕ ಹಾಕಿರಲಿಲ್ಲ.

ವೈರಿಂಗ್, ಪೈಪು ಪೂರ್ತಿ ಹೊಸದಾಗಬೇಕು, ಅದರಲ್ಲಿ ಚರ್ಚೆ ಇಲ್ಲ. ಪಕ್ಕದ ಸೈಟು ಮಾತ್ರ ಮರೆಯಬೇಡಿ. ಅಲ್ಲಿ ನಾಳೆ ಬೇಸ್‌ಮೆಂಟ್ ಅಗೆದರೆ ನಿಮ್ಮ ಪಾಯದ ಕೆಳಗಿನ ಮಣ್ಣು ಸಡಿಲ ಆಗುತ್ತದೆ. ಎರಡು ಮನೆಗೂ ಒಂದೇ ಗೋಡೆ ಇದ್ದರೆ ಅದು ಯಾರದ್ದು ಅಂತ ಪತ್ರದಲ್ಲಿ ಇರಲೇಬೇಕು.

ಕಾಗದ ಪತ್ರ ವಕೀಲರ ಕೆಲಸ. ಆದರೂ ಮನೆ ನೋಡುವಾಗಲೇ ಕಣ್ಣಿಗೆ ಬೀಳುವ ವಿಷಯ ಹೇಳುತ್ತೇನೆ. ತಾತನ ಕಾಲದ ಮನೆಗೆ ಪಾಲುದಾರರು ಜಾಸ್ತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ, ಹಾಗಾಗಿ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯನ್ನೂ ಕೇಳಿ. ಆನ್‌ಲೈನ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಋಣ, ವಹಿವಾಟು ತೋರಿಸುವ ಪತ್ರ) ಸಿಗುವುದು 2004ರಿಂದ ಈಚೆಗೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ತೆಗೆಸಿ. ಮಿಲ್ಲಿನವರು ಕೆಲಸಗಾರರಿಗೆ ಕೊಟ್ಟ ಮನೆಯಾಗಿದ್ದರೆ ಜಾಗ ಕ್ರಯಕ್ಕೆ ಬಂದದ್ದೋ ಲೀಸಿನದೋ ಅಂತ ಮೂಲ ಪತ್ರದಲ್ಲೇ ನೋಡಿ. ಟೇಪ್ ಹಿಡಿದು ಚಕ್ಕುಬಂದಿ ಅಳೆಯಿರಿ.

ಅಡ್ವಾನ್ಸ್ ಕೊಡುವ ಮೊದಲು ಇನ್ನೊಂದು ಕೆಲಸ ಇದೆ. ಸುಣ್ಣ ಕಲಸಲು ಬರುವ ಮೇಸ್ತ್ರಿಯನ್ನು ಹುಡುಕಿಕೊಳ್ಳಿ. ಬೆಲ್ಲದ ನೀರು, ಅಳಲೆಕಾಯಿ ಹಾಕಿ ಗಾರೆ ಹದ ಮಾಡುವವರು ಈಗ ಕಡಿಮೆ. ಅವರನ್ನು ಒಮ್ಮೆ ಮನೆಗೆ ಕರೆದುಕೊಂಡು ಹೋಗಿ ತೋರಿಸಿ, ಅಂದಾಜು ಬರೆಸಿಕೊಳ್ಳಿ. ಆಮೇಲೆ ಅಗ್ರಿಮೆಂಟಿಗೆ ಕೂರಿ. ಚಾವಣಿಯ ಒಂದು ಮೂಲೆ ಬಿಚ್ಚಿ ಜಂತೆಯ ತುದಿ ನೋಡಲು ಮಾಲೀಕರು ಒಪ್ಪಿದ್ದಾರೆ ಅಂತ ಅದರಲ್ಲೇ ಬರೆಸಿ. ಅಲ್ಲಿ ಕೊಳೆತಿದ್ದರೆ ಬೆಲೆ ಎಷ್ಟು ಇಳಿಯಬೇಕು ಅನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ.