ಅಡಾಪ್ಟರ್ ವೈರ್ ಕೈಕೊಡುವುದು ಕುತ್ತಿಗೆಯಲ್ಲಿ

"ವೈರ್ ಸ್ವಲ್ಪ ಬಗ್ಗಿಸಿ, ಮೇಲೆ ಒಂದು ಪುಸ್ತಕ ಇಟ್ಟರೆ ಚಾರ್ಜ್ ಆಗುತ್ತೆ ಸರ್." ಲ್ಯಾಪ್‌ಟಾಪ್ ರಿಪೇರಿ ಕೆಲಸದಲ್ಲಿ ನಾನು ಜಾಸ್ತಿ ಕೇಳಿರುವ ಮಾತು ಇದು. ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಬಗ್ಗಿಸಿದಾಗ ಬಂದು, ಬಿಟ್ಟಾಗ ಹೋಗುವ ಕರೆಂಟ್ ಎಂದರೆ ಬಹುಪಾಲು ವೈರ್ ಒಳಗೆ ಎಲ್ಲೋ ಎಳೆ ಕಡಿದಿದೆ ಎಂದೇ ಅರ್ಥ. ಅಡಾಪ್ಟರ್ ಡಬ್ಬಿ ಬಹುತೇಕ ಚೆನ್ನಾಗಿಯೇ ಇರುತ್ತದೆ.

ಹುಡುಕಾಟವನ್ನು ಗೋಡೆಯಿಂದ ಶುರು ಮಾಡಿ. ಸಾಕೆಟ್‌ಗೆ ಬೇರೇನಾದರೂ ಹಾಕಿ ನೋಡಿ. ಸಾಕೆಟ್‌ನಿಂದ ಡಬ್ಬಿಗೆ ಹೋಗುವ ವೈರ್ ಬಿಚ್ಚಲು ಬರುವಂತಿದ್ದರೆ ಬೇರೊಂದು ಹಾಕಿ ನೋಡಿ. ದೋಷ ಅದರಲ್ಲೇ ಇದ್ದರೆ ಹೊಸದು ತನ್ನಿ. ಮನೆಯ ಕರೆಂಟ್ ನೇರವಾಗಿ ಹರಿಯುವ ವೈರ್ ಅದು, ಟೇಪ್ ಸುತ್ತಿ ಬಳಸಬೇಡಿ.

ಆಮೇಲೆ ಲ್ಯಾಪ್‌ಟಾಪ್ ಕಡೆಯ ವೈರ್. ಡಬ್ಬಿಯಿಂದ ಹೊರಬರುವ ಜಾಗ, ಲ್ಯಾಪ್‌ಟಾಪ್‌ಗೆ ಚುಚ್ಚುವ ಪಿನ್‌ಗೆ ಸೇರುವ ಜಾಗ, ಇವೆರಡು ಕುತ್ತಿಗೆಗಳಲ್ಲೇ ವೈರ್ ಕಡಿಯುವುದು ಹೆಚ್ಚು. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಕೆಂಪು ಕಡ್ಡಿಯನ್ನು ಪಿನ್‌ನ ಒಳಗೆ, ಕಪ್ಪು ಕಡ್ಡಿಯನ್ನು ಹೊರಮೈಗೆ ತಾಗಿಸಿ. ಎರಡೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಡಬ್ಬಿಯ ಮೇಲೆ 19.5 ವೋಲ್ಟ್ ಎಂದು ಬರೆದಿದ್ದರೆ ಮೀಟರ್ ಅದರ ಆಸುಪಾಸು ತೋರಿಸಬೇಕು. ಈಗ ಕುತ್ತಿಗೆಗಳನ್ನು ಮೆಲ್ಲಗೆ ಅತ್ತಿತ್ತ ಬಗ್ಗಿಸಿ. ಯಾವ ಜಾಗದಲ್ಲಿ ಅಂಕಿ ಕುಣಿಯುತ್ತದೋ ಅಲ್ಲೇ ಗಾಯ. ಪಿನ್ ನಡುವೆ ಸೂಜಿಯಂಥ ಕಡ್ಡಿ ಇದ್ದರೆ ಒಂದು ಎಚ್ಚರ: ಡೆಲ್, ಎಚ್‌ಪಿಯಂಥ ಅಡಾಪ್ಟರ್‌ಗಳಲ್ಲಿ ಪ್ಲಸ್ ಇರುವುದು ಕೊಳವೆಯ ಒಳಗೋಡೆಯಲ್ಲಿ, ಆ ಸೂಜಿಯಲ್ಲಲ್ಲ.

ಮೀಟರ್ ಸರಿಯಾಗಿ 19.5 ತೋರಿಸಿತು, ಹಾಗಾದರೆ ವೈರ್ ಸರಿಯಿದೆ ಅಲ್ವಾ? ಇಲ್ಲ. ಇಲ್ಲಿ ಎಷ್ಟೋ ಜನ ಎಡವುತ್ತಾರೆ. ವೈರ್ ಒಳಗೆ ಕೂದಲಿನಂಥ ತಾಮ್ರದ ಎಳೆಗಳು ಹತ್ತಾರು ಇರುತ್ತವೆ. ಅವು ಒಂದೊಂದಾಗಿ ಕಡಿಯುತ್ತವೆ. ಎರಡೇ ಎಳೆ ಉಳಿದರೂ ಮೀಟರ್‌ಗೆ ಸಾಕು, ಅದು ಎಳೆಯುವ ಕರೆಂಟ್ ಅಷ್ಟು ಕಡಿಮೆ. ಲ್ಯಾಪ್‌ಟಾಪ್ ಹಾಗಲ್ಲ. ಗಾಯದ ಜಾಗದಲ್ಲಿ ಅರ್ಧ ಓಮ್ ತಡೆ ಇದೆ, ಲ್ಯಾಪ್‌ಟಾಪ್ 4 ಆಂಪ್ ಎಳೆಯುತ್ತಿದೆ ಎಂದುಕೊಳ್ಳಿ. 2 ವೋಲ್ಟ್ ಅಲ್ಲೇ ಹೋಯಿತು. ಜೊತೆಗೆ 8 ವಾಟ್ ಬಿಸಿ, ಅದೂ ಬೆರಳುಗುರಿನಷ್ಟು ಜಾಗದಲ್ಲಿ! ಇಂಥ ಒಂದು ವೈರ್ ಕತ್ತರಿಸಿ ನೋಡಿದ್ದೆ. ಹೊರಗಿನ ರಬ್ಬರ್ ಹೊಸದರಂತಿತ್ತು. ಒಳಗೆ ಎಳೆಗಳು ಕಪ್ಪಾಗಿ, ಮುಟ್ಟಿದರೆ ಪುಡಿಯಾಗುತ್ತಿದ್ದವು. ಒಳಗಿನ ಬಿಳಿ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದಕ್ಕೇ ಹೇಳುವುದು, ಕುತ್ತಿಗೆ ಬಿಸಿಯಾಗುತ್ತಿದ್ದರೆ ಪುಸ್ತಕ ಇಟ್ಟು ದಿನ ತಳ್ಳಬೇಡಿ.

ರಿಪೇರಿಗೆ ಕೈಹಾಕುವ ಮುಂಚೆ ಸಾಕೆಟ್‌ನಿಂದ ಕಿತ್ತು, ಸ್ವಲ್ಪ ಹೊತ್ತು ಬಿಡಿ. ಗಾಯದ ಎರಡೂ ಬದಿ ಮೂರ್ನಾಲ್ಕು ಸೆಂಟಿಮೀಟರ್ ಕತ್ತರಿಸಿ. ತಾಮ್ರ ಹೊಳೆಯುವ ಜಾಗ ಸಿಗುವವರೆಗೆ ಕತ್ತರಿಸಬೇಕು, ಕಪ್ಪಾದ ಎಳೆಗೆ ಸಾಲ್ಡರ್ ಬೆಸುಗೆ ಹಿಡಿಯುವುದಿಲ್ಲ. ಗಾಯ ಪಿನ್‌ಗೆ ಅಂಟಿಕೊಂಡಂತೆಯೇ ಇದ್ದರೆ ಅದೇ ಅಳತೆಯ ವೈರ್ ಸಹಿತದ ಹೊಸ ಪಿನ್ ಹಾಕುವುದೇ ಲೇಸು. ಸಾಮಾನ್ಯವಾಗಿ ನಡುವಿನ ವೈರ್ ಪ್ಲಸ್, ಅದರ ಸುತ್ತ ಹೆಣೆದ ಬಲೆ ಮೈನಸ್. ಆದರೂ ಡಬ್ಬಿಯ ಮೇಲಿನ ಚಿತ್ರ ನೋಡಿ ಖಚಿತಪಡಿಸಿಕೊಳ್ಳಿ. ಅದಲುಬದಲಾದರೆ ಲ್ಯಾಪ್‌ಟಾಪ್ ಬೋರ್ಡೇ ಸುಡಬಹುದು. ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮೊದಲೇ ವೈರ್‌ಗೆ ತೂರಿಸಿ. ಪ್ಲಸ್ ಮತ್ತು ಮೈನಸ್ ಬೆಸುಗೆಗಳು ಅಕ್ಕಪಕ್ಕ ಬರದಂತೆ ಹಿಂದೆ ಮುಂದೆ ಮಾಡಿ. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಸಾಲದು, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕಥೆ.

ನಡುವೆ ಸೂಜಿ ಇರುವ ಪಿನ್ ಆದರೆ ಒಳಗೆ ಮೂರನೆಯ ಸಣ್ಣ ವೈರ್ ಸಿಗುತ್ತದೆ. ಅಡಾಪ್ಟರ್ ಎಷ್ಟು ವಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದೇ. ಅದನ್ನು ಬಿಟ್ಟರೆ ಲ್ಯಾಪ್‌ಟಾಪ್ ಓಡಬಹುದು, ಬ್ಯಾಟರಿ ಮಾತ್ರ ಚಾರ್ಜ್ ಆಗದೆ ಕೂರಬಹುದು. ಯುಎಸ್‌ಬಿ ಟೈಪ್‌-ಸಿ ವೈರ್ ಆದರೆ ಕತ್ತರಿ ಪಕ್ಕಕ್ಕಿಡಿ. ಎರಡೂ ಕಡೆ ಪಿನ್ ಇದ್ದು ಬಿಚ್ಚಲು ಬಂದರೆ, ಸಾಕಷ್ಟು ವಾಟ್ ತಾಳುವ ಹೊಸ ಕೇಬಲ್ ಕೊಳ್ಳಿ.

ಡಬ್ಬಿಯನ್ನಂತೂ ತೆರೆಯಬೇಡಿ. 230 ವೋಲ್ಟ್ ಸಾಕೆಟ್‌ನಲ್ಲಿ ಒಳಗಿನ ದೊಡ್ಡ ಕೆಪಾಸಿಟರ್, ಅಂದರೆ ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ, 325 ವೋಲ್ಟ್ ಆಸುಪಾಸು ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ವೈರ್ ಚೆನ್ನಾಗಿದ್ದೂ ಏನೂ ಬರುತ್ತಿಲ್ಲ ಎಂದರೆ ಬೇರೆ ಅಡಾಪ್ಟರ್ ತನ್ನಿ. ವೋಲ್ಟ್ ಮತ್ತು ಪಿನ್ ಅದೇ ಇರಬೇಕು, ಆಂಪ್ ಅಷ್ಟೇ ಅಥವಾ ಜಾಸ್ತಿ ಇರಲಿ.

ಬೆಸುಗೆ ಮುಗಿದ ಮೇಲೆ ಮೊದಲು ಪ್ಲಸ್ ಮೈನಸ್ ಒಂದಕ್ಕೊಂದು ತಾಗಿ ಶಾರ್ಟ್ ಆಗಿಲ್ಲವೆಂದು ಮೀಟರ್‌ನಲ್ಲಿ ನೋಡಿ, ಆಮೇಲೆ ಪ್ಲಗ್ ಹಾಕಿ ವೋಲ್ಟ್ ನೋಡಿ. ಬ್ಯಾಟರಿ ಅರ್ಧಕ್ಕಿಂತ ಕಡಿಮೆ ಇರುವಾಗ ಲ್ಯಾಪ್‌ಟಾಪ್‌ಗೆ ಹಾಕಿ, ಅರ್ಧ ಗಂಟೆ ಪಕ್ಕದಲ್ಲೇ ಕೂತು ಕೆಲಸ ಮಾಡಿ. ನಂತರ ಬೆಸುಗೆಯ ಜಾಗವನ್ನು ಬೆರಳಲ್ಲಿ ಹಿಡಿದು ನೋಡಿ. ಉಳಿದ ವೈರ್‌ಗಿಂತ ಬಿಸಿ ಅನ್ನಿಸಿದರೆ ಬಿಚ್ಚಿ, ಮತ್ತೆ ಮಾಡಿ.