ಬದಲಾವಣೆ ನಿರ್ವಹಣೆ: ತಾವೇ ಕಂಡುಕೊಂಡಾಗ ರೂಢಿ ಬದಲಾಗುವ ಬಗೆ

ಹೊಸ ಪದ್ಧತಿ ಬಂದಾಗ ಸುತ್ತೋಲೆ, ತರಬೇತಿ, ಎಚ್ಚರಿಕೆ ಎಲ್ಲ ಆದಮೇಲೂ ಕೈ ಹಳೇ ರೂಢಿಗೇ ಹೋಗುತ್ತದೆ. ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದರೆ 'ನೌಕರರ ವಿರೋಧ' ಎಂದು ಬರೆದು ಮುಗಿಸುತ್ತೇವೆ. ಆ ಉತ್ತರ ಸಾಲದು ಅಂತ ನನಗೆ ಗೊತ್ತಾದದ್ದು ಚಿಕ್ಕಮಗಳೂರಿನ ಒಂದು ಕಾಫಿ ತೋಟದಲ್ಲಿ.

ಅರೇಬಿಕಾ ಕುಯ್ಲು ನಡೆದಿತ್ತು. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕುವುದಾದರೆ ಮಾಗಿದ ಹಣ್ಣನ್ನೇ ಬಿಡಿಸಬೇಕು. ಹಸಿರು ಕಾಯಿಯ ಸಿಪ್ಪೆ ಸರಿಯಾಗಿ ಬಿಡದೆ ಬೀಜ ಜಜ್ಜಿಹೋಗುತ್ತದೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರು ದಿನಾ ಬೆಳಿಗ್ಗೆ ಇದನ್ನೇ ಹೇಳುತ್ತಿದ್ದರು, ಚೀಲದಲ್ಲಿ ಕಾಯಿ ಕಡಿಮೆಯಾಗಲಿಲ್ಲ. ಒಂದು ಸಂಜೆ ಬೈಯುವುದು ಬಿಟ್ಟು ಚೀಲವೊಂದನ್ನು ಟಾರ್ಪಾಲಿನ ಮೇಲೆ ಸುರಿದರು. "ನೀವೇ ಆರಿಸಿ ನೋಡ್ರಮ್ಮ."

ಹೆಂಗಸರು ಕೂತು ಕೆಂಪು, ಹಸಿರು ಬೇರೆ ಬೇರೆ ಗುಡ್ಡೆ ಮಾಡಿದರು. ಹಸಿರನ್ನಷ್ಟೇ ಪಲ್ಪರ್‌ಗೆ ಹಾಕಿಸಿ, ಬಂದ ಒಡಕು ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಹಿರಿಯಾಕೆಯೊಬ್ಬರು, "ಬೆಳಿಗ್ಗೆ ಕುಯ್ದಿದ್ರಲ್ಲಿ ಇಷ್ಟು ಕಾಯಿ ಇರಲ್ಲ ರೈಟ್ರೇ. ತೂಕದ ಹೊತ್ತು ಹತ್ರ ಬಂದಾಗ ಕೊಂಬೆ ಹಿಡ್ದು ಎಳ್ದುಬಿಡ್ತೀವಿ. ಕೆಜಿ ಲೆಕ್ಕ ಅಲ್ವಾ?" ಅಂದರು.

ಇದು ನಿಜಕ್ಕೂ ಮುಖ್ಯ. ಅವರಿಗೆ ತಮ್ಮ ಕೈಯ ರೂಢಿ ಕಂಡಿತು. ಆ ರೂಢಿಯನ್ನು ಸಾಕುತ್ತಿರುವುದು ಕೂಲಿಯ ಲೆಕ್ಕ ಅನ್ನುವುದು ರೈಟರಿಗೆ ಕಂಡಿತು. ಎರಡನೆಯದು ಆಗದೆ ಮೊದಲನೆಯದು ವಾರವೂ ಬಾಳದು.

ಸಿದ್ಧಾಂತಕ್ಕೆ ಬಂದರೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮಾಡಿದ ಪ್ರಯೋಗ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಗುಂಡಿಗೆ, ಮೂತ್ರಪಿಂಡದಂಥ ಮಾಂಸ ಬಳಸುವಂತೆ ಮಾಡಬೇಕಿತ್ತು. ಉಪನ್ಯಾಸ ಕೇಳಿದವರಲ್ಲಿ ಶೇ 3ರಷ್ಟು ಜನ ಮನೆಯಲ್ಲಿ ಅದನ್ನು ಬಡಿಸಿದರು; ತಾವೇ ಚರ್ಚಿಸಿ, ಕೈಯೆತ್ತಿ ತೀರ್ಮಾನಿಸಿದವರಲ್ಲಿ ಶೇ 32. ಚರ್ಚೆಯ ಜೊತೆ ತೀರ್ಮಾನವೂ ಇತ್ತು ಅನ್ನುವುದನ್ನು ಉತ್ತರದಲ್ಲಿ ಬಿಡಬೇಡಿ.

1990ರ ದಶಕದ ಆರಂಭದಲ್ಲಿ ವಿಯೆಟ್ನಾಂನಲ್ಲಿ 'ಸೇವ್ ದ ಚಿಲ್ಡ್ರನ್' ಸಂಸ್ಥೆಯ ಜೆರ್ರಿ ಸ್ಟರ್ನಿನ್ ಮಕ್ಕಳ ಅಪೌಷ್ಟಿಕತೆ ತಗ್ಗಿಸಲು ಮಾಡಿದ್ದೂ ಇದೇ ಜಾತಿಯದು. ಬಡತನದಲ್ಲೂ ಮಕ್ಕಳು ಗಟ್ಟಿಮುಟ್ಟಾಗಿದ್ದ ಮನೆಗಳನ್ನು ಊರಿನವರೇ ಹುಡುಕಿದರು. ಅಲ್ಲಿನ ತಾಯಂದಿರು ಗದ್ದೆಯ ಪುಟ್ಟ ಸೀಗಡಿ, ಏಡಿ, ಗೆಣಸಿನ ಸೊಪ್ಪನ್ನು ಅನ್ನಕ್ಕೆ ಬೆರೆಸುತ್ತಿದ್ದರು.

ಒಂದು ಎಚ್ಚರ: ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು 'ನೀವೇ ಹುಡುಕಿ' ಅಂದರೆ ಜನಕ್ಕೆ ತಕ್ಷಣ ಗೊತ್ತಾಗುತ್ತದೆ. ಆ ಸಂಜೆ ರೈಟರ ಬಳಿ ಉತ್ತರ ಇರಲಿಲ್ಲ. ಹಾಗಾಗಿಯೇ ಮರುದಿನ ಆ ಹೆಂಗಸರು ಸೊಂಟಕ್ಕೆ ಕಟ್ಟಲು ಇನ್ನೊಂದು ಸಣ್ಣ ಚೀಲ ಕೇಳಿದರು. ತಪ್ಪಿ ಬಂದ ಕಾಯಿ ಅದಕ್ಕೆ; ತೂಕ ಬೇರೆ, ಕಣದಲ್ಲಿ ಒಣಗಿಸುವುದೂ ಬೇರೆ.